ತಿರುಗುವ ಗೋಡೆ, ಹಲಗೆ ಬಾಗಿಲು

ಪ್ರಶ್ನೆ: ನಾನು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಊರು ದಾವಣಗೆರೆ. ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆಂದು ನ್ಯೂಯಾರ್ಕ್‌ಗೆ ಹೋಗಿದ್ದೆ. ಅಲ್ಲಿ ಕೆನ್‌ಮೇರ್ ಬೀದಿಯಲ್ಲಿ ಒಂದು ಗ್ಯಾಲರಿ ಕಂಡೆ. ಅದರ ಗೋಡೆಯೇ ತುಂಡು ತುಂಡಾಗಿ ತಿರುಗಿ ಫುಟ್‌ಪಾತಿಗೆ ಚಾಚಿಕೊಂಡಿತ್ತು. ಒಳಗೆ ಮಾರಾಟಕ್ಕಿಟ್ಟ ಚಿತ್ರ ಒಂದೂ ಇರಲಿಲ್ಲ. ನಕ್ಷೆ, ಫೋಟೋ, ಬರಹ ಅಷ್ಟೇ. ಟಿಕೆಟ್ಟೂ ಇಲ್ಲ. ಇದು ಯಾವ ಬಗೆಯ ಗ್ಯಾಲರಿ? ಹೇಗೆ ನಡೆಯುತ್ತದೆ? ಹಳೇಪೇಟೆಯಲ್ಲಿ ನಮ್ಮ ತಂದೆಯವರ ನೂಲಿನ ಅಂಗಡಿ ಇದೆ. 10 ಅಡಿ ಅಗಲ, 28 ಅಡಿ ಉದ್ದ. ಹತ್ತು ವರ್ಷದಿಂದ ಬೀಗ ಬಿದ್ದಿದೆ. ಅಲ್ಲಿ ಇಂಥದ್ದೇನಾದರೂ ಮಾಡಬಹುದೇ?

ಉತ್ತರ:

ಮೇಷ್ಟ್ರೇ, ನೀವು ನೋಡಿದ್ದು 'ಸ್ಟೋರ್‌ಫ್ರಂಟ್ ಫಾರ್ ಆರ್ಟ್ ಅಂಡ್ ಆರ್ಕಿಟೆಕ್ಚರ್'. ವಿಳಾಸ 97, ಕೆನ್‌ಮೇರ್ ಬೀದಿ. ನನ್ನಂಥ ಆರ್ಕಿಟೆಕ್ಟ್‌ಗಳು ಆ ಊರಿಗೆ ಹೋದರೆ ಅಲ್ಲಿಗೊಂದು ಭೇಟಿ ಕೊಡದೆ ಬರುವುದಿಲ್ಲ. ಸ್ಟೋರ್‌ಫ್ರಂಟ್ ಅನ್ನುವುದಕ್ಕೆ ನಮ್ಮಲ್ಲಿ ಒಳ್ಳೇ ಪದ ಇದೆ, ಮುಂಗಟ್ಟು. ಬಂದ್ ಆದ ಮಾರನೇ ದಿನ ಪೇಪರ್‌ನಲ್ಲಿ 'ಅಂಗಡಿ ಮುಂಗಟ್ಟುಗಳು ಮುಚ್ಚಿದ್ದವು' ಅಂತ ಓದುತ್ತೇವಲ್ಲ, ಅದೇ ಮುಂಗಟ್ಟು. ನಿಮ್ಮ ಮೂರೂ ಪ್ರಶ್ನೆಗೆ ಉತ್ತರ ಈ ಒಂದು ಪದದಲ್ಲೇ ಇದೆ ಅನ್ನಿಸುತ್ತದೆ ನನಗೆ. ಆ ಗ್ಯಾಲರಿಯ ಜೀವ ಇರುವುದು ಒಳಗಿನ ಕೋಣೆಯಲ್ಲಲ್ಲ, ಬೀದಿಗೂ ಅಂಗಡಿಗೂ ನಡುವಿನ ಆ ಗೆರೆಯಲ್ಲಿ.

ಮೊದಲು ಅದರ ಕತೆ ಹೇಳುತ್ತೇನೆ. 1982ರಲ್ಲಿ ಕ್ಯೊಂಗ್ ಪಾರ್ಕ್ ಎಂಬ ಕೊರಿಯಾ ಮೂಲದ ಕಲಾವಿದ ಒಂದಿಬ್ಬರು ಗೆಳೆಯರ ಜೊತೆ ಇದನ್ನು ಶುರು ಮಾಡಿದರು. ಆಗ ಜಾಗ ಇದ್ದದ್ದು ಪ್ರಿನ್ಸ್ ಬೀದಿಯಲ್ಲಿ. ಈಗಿನ ಜಾಗಕ್ಕೆ ಬಂದಿದ್ದು 1986ರಲ್ಲಿ. ಆ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಚಿತ್ರ ಮಾರುವ ಗ್ಯಾಲರಿಗಳು ಬೇಕಾದಷ್ಟಿದ್ದವು. ಆದರೆ ಊರು ಹೇಗೆ ಕಟ್ಟಬೇಕು, ಯಾರಿಗಾಗಿ ಕಟ್ಟಬೇಕು, ಖಾಲಿ ಸೈಟು ಯಾರದು ಅಂತ ಕೇಳುವ ಗ್ಯಾಲರಿ ಅಪರೂಪವಾಗಿತ್ತು.

1984ರಲ್ಲಿ ಅವರು ಮಾಡಿದ ಒಂದು ಪ್ರದರ್ಶನದ ಬಗ್ಗೆ ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಲೋಯರ್ ಈಸ್ಟ್ ಸೈಡ್ ಎಂಬ ಬಡವರ ಬಡಾವಣೆಯಲ್ಲಿ ಬಿದ್ದುಹೋದ ಕಟ್ಟಡಗಳ ಖಾಲಿ ಸೈಟುಗಳಿದ್ದವು. ಬರೀ ಇಟ್ಟಿಗೆ ಚೂರು, ಕಸ. ಆಡಂ ಪರ್ಪಲ್ ಅಂತ ತನ್ನನ್ನು ಕರೆದುಕೊಳ್ಳುತ್ತಿದ್ದ ಒಬ್ಬ ಮನುಷ್ಯ ಅಲ್ಲಿ ವರ್ಷಗಟ್ಟಲೆ ದುಡಿದು ತೋಟ ಮಾಡಿದ. ಸೆಂಟ್ರಲ್ ಪಾರ್ಕ್‌ನ ಕುದುರೆ ಗಾಡಿಗಳ ಹಿಂದೆ ಬಿದ್ದ ಲದ್ದಿಯನ್ನು ಸೈಕಲ್ ಮೇಲೆ ಹೇರಿಕೊಂಡು ತಂದು ಗೊಬ್ಬರ ಮಾಡುತ್ತಿದ್ದ. ನೀರಿಗೆ ಕಲ್ಲು ಹಾಕಿದಾಗ ಏಳುವ ಅಲೆಗಳ ಹಾಗೆ ತೋಟ ವೃತ್ತ ವೃತ್ತವಾಗಿ ಬೆಳೆಯುತ್ತಾ ಹೋಯಿತು. ಬಡಾವಣೆಯ ಮಕ್ಕಳು ಅಲ್ಲೇ ಜೋಳ, ಟೊಮೆಟೊ ಕಂಡರು. ಅಷ್ಟರಲ್ಲಿ ನಗರಾಡಳಿತ ಅದೇ ಜಾಗದಲ್ಲಿ ಬಡವರಿಗೆ ಮನೆ ಕಟ್ಟಬೇಕು ಅಂತ ಹೊರಟಿತು.

ನೋಡಿ, ಇಲ್ಲಿ ಇಬ್ಬರದ್ದೂ ತಪ್ಪಿಲ್ಲ. ಮನೆಯೂ ಬೇಕು, ತೋಟವೂ ಬೇಕು. ಸ್ಟೋರ್‌ಫ್ರಂಟಿನವರು ಆರ್ಕಿಟೆಕ್ಟ್‌ಗಳನ್ನೂ ಕಲಾವಿದರನ್ನೂ ಕರೆದು, 'ತೋಟ ಉಳಿಸಿಕೊಂಡು ಮನೆ ಕಟ್ಟೋದು ಹೇಗೆ, ಚಿತ್ರ ಬರೆದು ತೋರಿಸಿ' ಅಂದರು. ಬಂದ ನಕ್ಷೆಗಳನ್ನೆಲ್ಲ ಗೋಡೆಗೆ ಹಾಕಿದರು. ತೋಟ ಉಳಿಯಲಿಲ್ಲ. 1986ರ ಜನವರಿಯಲ್ಲಿ ಬುಲ್‌ಡೋಜರ್ ಬಂತು. ಆದರೂ ಆ ಪ್ರದರ್ಶನ ಸೋತಿತು ಅಂತ ನಾನು ಹೇಳಲಾರೆ. ತೋಟ ಅಥವಾ ಮನೆ, ಎರಡರಲ್ಲಿ ಒಂದೇ ಸಾಧ್ಯ ಅನ್ನುವ ಮಾತು ಸುಳ್ಳು ಅಂತ ಅದು ಕಣ್ಣಿಗೆ ಕಾಣುವ ಹಾಗೆ ತೋರಿಸಿತ್ತು. ಇಂಥ ಗ್ಯಾಲರಿ ಮಾಡುವ ಕೆಲಸ ಇದೇ. ಕೋರ್ಟಿನ ಹಾಗೆ ತೀರ್ಪು ಕೊಡುವುದಿಲ್ಲ, ಪಾಲಿಕೆಯ ಹಾಗೆ ಆದೇಶ ಹೊರಡಿಸುವುದಿಲ್ಲ. ಹೀಗೂ ಆಗಬಹುದಿತ್ತು ಅಂತ ಬರೆದು ಬೀದಿಗೆ ತೋರಿಸುತ್ತದೆ.

ಆಮೇಲೆ ಮನೆ ಇಲ್ಲದವರ ಬಗ್ಗೆ ಪ್ರದರ್ಶನ ಮಾಡಿದರು. ಡಿಲ್ಲರ್ ಮತ್ತು ಸ್ಕೊಫಿಡಿಯೊ ಎಂಬ ಜೋಡಿ ಇನ್ನೂ ಹೆಸರು ಮಾಡದ ಕಾಲದಲ್ಲೇ, 1987ರಲ್ಲಿ, ಅಲ್ಲಿ ತಮ್ಮ ಕೆಲಸ ತೋರಿಸಿದರು. ಹಳೇ ರೈಲು ಸೇತುವೆಯನ್ನು ನಡೆದಾಡುವ ತೋಟ ಮಾಡಿದ ಹೈ ಲೈನ್ ಇದೆಯಲ್ಲ, ಮಗಳು ಬಹುಶಃ ನಿಮ್ಮನ್ನು ಅಲ್ಲಿಗೂ ಕರೆದುಕೊಂಡು ಹೋಗಿರಬೇಕು, ಅದರ ವಿನ್ಯಾಸದಲ್ಲಿ ಮುಂದೆ ಇವರ ಕೈಯೂ ಇತ್ತು. ಇರಾನಿನಲ್ಲಿ ಹುಟ್ಟಿದ ಕಲಾವಿದೆ ಶಿರಿನ್ ನೆಶಾತ್ ಕೂಡ ಜಗತ್ತಿಗೆ ಗೊತ್ತಾಗುವ ಮೊದಲು ಸುಮಾರು ಹತ್ತು ವರ್ಷ ಈ ಗ್ಯಾಲರಿ ನಡೆಸುವುದರಲ್ಲಿ ಕೈಜೋಡಿಸಿದ್ದರು.

ಈಗ ನಿಮ್ಮ ಕಣ್ಣಿಗೆ ಬಿದ್ದ ಗೋಡೆಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ನಿಮ್ಮ ಅಂಗಡಿಗೆ ಬೇಕಾಗುವುದು ಇದೇ.

ಆ ಜಾಗದ ಆಕಾರ ನೋಡಿದಿರಲ್ವಾ? ಕೇಕಿನ ತುಂಡಿನ ಹಾಗೆ. ಉದ್ದ ಸುಮಾರು 100 ಅಡಿ. ಒಂದು ತುದಿಯಲ್ಲಿ ಅಗಲ ಸುಮಾರು 20 ಅಡಿ, ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಬರೀ 3 ಅಡಿ. ಗ್ಯಾಲರಿ ಮಾಡಲು ಇದಕ್ಕಿಂತ ಕೆಟ್ಟ ಜಾಗ ಸಿಗುವುದು ಕಷ್ಟ. ಒಳಗೆ ಏನೂ ಇಲ್ಲ, ಇರುವುದೆಲ್ಲ ಬೀದಿಗೆ ಮುಖ ಮಾಡಿದ ಉದ್ದನೆಯ ಗೋಡೆ. 1992ರಲ್ಲಿ ಆ ಗೋಡೆಯ ಕೆಲಸವನ್ನು ಇಬ್ಬರಿಗೆ ಒಟ್ಟಾಗಿ ವಹಿಸಿದರು. ಒಬ್ಬರು ಕಲಾವಿದ ವಿಟೊ ಅಕೋಂಚಿ, ಇನ್ನೊಬ್ಬರು ಆರ್ಕಿಟೆಕ್ಟ್ ಸ್ಟೀವನ್ ಹೋಲ್. ಮುಂದಿನ ವರ್ಷ ಅದು ಮುಗಿಯಿತು.

ಅವರು ಮಾಡಿದ್ದು ಇಷ್ಟು. ಗೋಡೆಯನ್ನು 12 ಫಲಕಗಳಾಗಿ ಕತ್ತರಿಸಿದರು. ಕಾಂಕ್ರೀಟಿಗೆ ಮರುಬಳಕೆಯ ನಾರು ಬೆರೆಸಿ ಮಾಡಿದ ಹಲಗೆಗಳು. ಒಂದೊಂದರ ಆಕಾರವೂ ಬೇರೆ, ಮಕ್ಕಳು ಜೋಡಿಸುವ ಪಜಲ್ ಹಾಗೆ. ಕೆಲವು ಬಾಗಿಲಿನಂತೆ ನಿಂತ ಅಚ್ಚಿನ ಮೇಲೆ ತಿರುಗುತ್ತವೆ. ಕೆಲವು ಅಡ್ಡ ಅಚ್ಚಿನ ಮೇಲೆ ತಿರುಗುತ್ತವೆ. ಅಡ್ಡ ತಿರುಗುವ ಫಲಕ ತೆರೆದಾಗ ಅರ್ಧ ಒಳಗೆ, ಅರ್ಧ ಹೊರಗೆ ನಿಲ್ಲುತ್ತದೆ. ತಗ್ಗಿನಲ್ಲಿದ್ದರೆ ಬೆಂಚಾಗುತ್ತದೆ, ಸೊಂಟದ ಮಟ್ಟಕ್ಕಿದ್ದರೆ ಮೇಜಾಗುತ್ತದೆ. ಎಲ್ಲ ತೆರೆದರೆ ಗೋಡೆ ಅನ್ನುವುದೇ ಇರುವುದಿಲ್ಲ. ಫುಟ್‌ಪಾತಿನಲ್ಲಿ ನಡೆದು ಹೋಗುವವರು ಯಾವ ಹೊತ್ತಿಗೆ ಗ್ಯಾಲರಿಯ ಒಳಗೆ ಬಂದರು ಅಂತ ಅವರಿಗೇ ಗೊತ್ತಾಗುವುದಿಲ್ಲ. ಚೈನಾಟೌನ್, ಲಿಟಲ್ ಇಟಲಿ, ಸೋಹೊ, ಈ ಮೂರೂ ಬಡಾವಣೆ ಕೂಡುವ ಮೂಲೆ ಅದು. ತರಕಾರಿ ಚೀಲ ಹಿಡಿದವರೂ ಹಾದು ಹೋಗುತ್ತಾರೆ, ಕಲೆ ನೋಡಲೆಂದೇ ಬಂದವರೂ ಹಾದು ಹೋಗುತ್ತಾರೆ.

ಆ ಗೋಡೆಯನ್ನು ಶಾಶ್ವತವಾಗಿ ಇರಲಿ ಅಂತ ಮಾಡಿರಲಿಲ್ಲ. ಸ್ವಲ್ಪ ಕಾಲ ಇದ್ದು ಹೋಗಲಿ ಅಂತಲೇ ಇತ್ತು. ಜನ ಬಿಡಲಿಲ್ಲ. ಮಳೆ ಬಿಸಿಲಿಗೆ ಹಾಳಾಗುತ್ತಾ ಬಂದಾಗ 2008ರಲ್ಲಿ ರಿಪೇರಿ ಮಾಡಿ ಉಳಿಸಿಕೊಂಡರು.

ಇದರಲ್ಲಿ ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ತಿರುಗುವ ಗೋಡೆಗೆ ಚಿತ್ರ ನೇತು ಹಾಕುವುದು ಹೇಗೆ? ಉದ್ದನೆಯ ಎರಡು ಗೋಡೆಯಲ್ಲಿ ಒಂದು ಹೋದ ಹಾಗೇ. ತೆರೆದಾಗ ಧೂಳು, ಗಲಾಟೆ, ಗಾಳಿ ಎಲ್ಲಾ ಒಳಗೆ ಬರುತ್ತದೆ. ನೀವು ಬೇಸಿಗೆಯಲ್ಲಿ ಹೋಗಿದ್ದು ಒಳ್ಳೆಯದಾಯಿತು. ನಾನು ಹೋಗಿದ್ದು ಚಳಿಗಾಲದಲ್ಲಿ. ಫಲಕ ಎಲ್ಲ ಮುಚ್ಚಿತ್ತು. ಬೂದು ಬಣ್ಣದ ಗೋಡೆ, ಅದರ ಮೇಲೆ ಸಂದುಗಳ ಗೆರೆ, ಅಷ್ಟೇ. ಒಂದು ಸಂದಿನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದೆ. ಆಗ ನೆನಪಾಗಿದ್ದು ನಮ್ಮ ತಾತನ ಅಂಗಡಿಯ ಹಲಗೆ ಬಾಗಿಲು.

ನಿಮಗೆ ಇದನ್ನು ವಿವರಿಸಬೇಕಾಗಿಲ್ಲ, ಆದರೆ ಇಲ್ಲಿ ಓದುವ ಚಿಕ್ಕವರಿಗೆ ಹೇಳುತ್ತೇನೆ. ರೋಲಿಂಗ್ ಶಟರ್ ಬರುವ ಮೊದಲು ನಮ್ಮ ಪೇಟೆ ಅಂಗಡಿಗಳಿಗೆ ಮರದ ಹಲಗೆಗಳೇ ಬಾಗಿಲು. ಹೊಸ್ತಿಲಲ್ಲಿ ಒಂದು ಸೀಳು, ಮೇಲಿನ ತೊಲೆಯಲ್ಲಿ ಒಂದು ಸೀಳು. ಒಂದೊಂದೇ ಹಲಗೆಯನ್ನು ಅದರಲ್ಲಿ ಜಾರಿಸಿ ನಿಲ್ಲಿಸುವುದು. ಹಲಗೆ ಅದಲು ಬದಲಾದರೆ ಕೂರುವುದಿಲ್ಲ. ಅದಕ್ಕೇ ಮೇಲೆ 1, 2, 3 ಅಂತ ನಂಬರು ಬರೆದಿರುತ್ತಿದ್ದರು. ಬೆಳಿಗ್ಗೆ ತಾತ ಹಲಗೆ ತೆಗೆಯುತ್ತಾ ಹೋದ ಹಾಗೆ ಅಂಗಡಿಯ ಮುಂದಿನ ಗೋಡೆ ಪೂರ್ತಿ ಮಾಯ. ಎರಡು ಹಲಗೆಯನ್ನು ಜಗಲಿಯ ಮೇಲೆ ಅಡ್ಡ ಹಾಕಿದರೆ ಗಿರಾಕಿಗೆ ಕೂರಲು ಜಾಗ. ಯಾರೂ ಅದನ್ನು ಕಲೆ ಅನ್ನಲಿಲ್ಲ. ಅಕೋಂಚಿ ಮತ್ತು ಹೋಲ್ 1993ರಲ್ಲಿ ಯಾವುದಕ್ಕಾಗಿ ಅಷ್ಟು ತಲೆ ಕೆಡಿಸಿಕೊಂಡರೋ ಅದು ನಮ್ಮ ಪೇಟೆ ಬೀದಿಯಲ್ಲಿ ದಿನಾ ಬೆಳಿಗ್ಗೆ ನಡೆಯುತ್ತಿತ್ತು. ಅವರು ಚಿಕ್ಕವರು, ನಾವು ದೊಡ್ಡವರು ಅಂತ ಹೇಳಲು ಈ ಮಾತು ಎತ್ತಲಿಲ್ಲ. ನಮ್ಮ ಕೈಯಲ್ಲಿದ್ದದ್ದನ್ನು ನಾವು ಬಿಟ್ಟೆವು, ಅಷ್ಟೇ ನನ್ನ ಸಂಕಟ.

ನಡೆಸುವ ಖರ್ಚಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸ್ಟೋರ್‌ಫ್ರಂಟ್ ಲಾಭಕ್ಕಾಗಿ ಇರುವ ಸಂಸ್ಥೆ ಅಲ್ಲ. ನಗರ ಮತ್ತು ರಾಜ್ಯದ ಕಲಾ ಅನುದಾನ, ಖಾಸಗಿ ಪ್ರತಿಷ್ಠಾನಗಳ ನೆರವು, ಸದಸ್ಯರ ಮತ್ತು ಅಭಿಮಾನಿಗಳ ದೇಣಿಗೆ, ಹಣ ಕೂಡಿಸಲು ನಡೆಸುವ ಕಾರ್ಯಕ್ರಮಗಳು, ಹೀಗೆ ಹತ್ತು ಕಡೆಯಿಂದ ಸ್ವಲ್ಪ ಸ್ವಲ್ಪ ಬರುತ್ತದೆ. ಒಬ್ಬರೇ ಪೂರ್ತಿ ಕೊಟ್ಟರೆ ಅವರು ಹೇಳಿದ ಹಾಗೆ ಕೇಳಬೇಕಾಗುತ್ತದೆ. 'ಸ್ವತಂತ್ರ' ಅನ್ನುವ ಪದದ ಅರ್ಥ ಇಷ್ಟೇ. ನಮ್ಮಲ್ಲೂ ಇದರ ಬಿಸಿ ತಟ್ಟಿದ್ದುಂಟು. ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಸರ್ಕಾರ ಒಂದು ಖಾಸಗಿ ಪ್ರತಿಷ್ಠಾನಕ್ಕೆ ವಹಿಸಲು ಹೊರಟಾಗ, 2016ರಲ್ಲಿ ಕಲಾವಿದರು ಬೀದಿಗೆ ಬಂದು ಪ್ರತಿಭಟಿಸಿದರು. ಕಡಿಮೆ ಬಾಡಿಗೆಗೆ ಯಾವ ಹೊಸ ಹುಡುಗ ಹುಡುಗಿಯಾದರೂ ಚಿತ್ರ ಹಾಕಬಹುದಾದ ಗೋಡೆ ಅದು, ಅದು ಸಾರ್ವಜನಿಕರದ್ದೇ ಆಗಿರಲಿ ಅನ್ನುವುದು ಅವರ ಮಾತು. ಇನ್ನೊಂದು ಕಡೆ ಶಾಂತಿನಗರದಲ್ಲಿ ಸುರೇಶ್ ಜಯರಾಮ್ ಅವರು ತಮ್ಮ ಮನೆಯನ್ನೇ '1 ಶಾಂತಿರೋಡ್' ಎಂಬ ಕಲಾವಿದರ ತಾಣ ಮಾಡಿದರು. ಅಂಗಳದಲ್ಲಿದ್ದ ಬಾದಾಮಿ ಮರವನ್ನು ನಡುವೆ ಉಳಿಸಿಕೊಂಡೇ ಕಟ್ಟಿದ ಮನೆ ಅದು. ಬೆಂಗಳೂರಿಗೆ ಹೋದಾಗ ಇವೆರಡನ್ನೂ ಒಮ್ಮೆ ನೋಡಿ ಬನ್ನಿ.

ಈಗ ನಿಮ್ಮ ನೂಲಿನ ಅಂಗಡಿ. ಮಾಡಬಹುದು ಮೇಷ್ಟ್ರೇ, ಖಂಡಿತ ಮಾಡಬಹುದು. 280 ಚದರಡಿ ಸಾಕು. ಆದರೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ಹದಿನೈದು ವರ್ಷದ ಹಿಂದೆ ನಾನೂ ನಾಲ್ಕು ಜನ ಗೆಳೆಯರೂ ಸೇರಿ ಒಂದು ಪೇಟೆ ಬೀದಿಯಲ್ಲಿ ಖಾಲಿ ಮಳಿಗೆ ಬಾಡಿಗೆಗೆ ಹಿಡಿದೆವು. ಆ ಬೀದಿಯದ್ದೇ ನಕ್ಷೆ ಬರೆದು ಪ್ರದರ್ಶನ ಮಾಡೋಣ ಅಂತ. ಗೋಡೆಗೆ ಬಿಳಿ ಬಣ್ಣ, ಮುಂದೆ ದಪ್ಪ ಗಾಜಿನ ಬಾಗಿಲು, ಒಳಗೆ ಒಳ್ಳೊಳ್ಳೆ ಲೈಟು. ಉದ್ಘಾಟನೆಗೆ ನಮ್ಮವರೇ ಬಂದರು, ನಾವೇ ಚಪ್ಪಾಳೆ ಹೊಡೆದೆವು. ಆಮೇಲೆ ಒಂದು ವಾರ ಯಾರೂ ಬರಲಿಲ್ಲ. ಬಾಗಿಲ ಎದುರಿಗೇ ಒಬ್ಬ ಅಜ್ಜಿ ಹೂ ಮಾರುತ್ತಿದ್ದರು. ಅವರನ್ನು ಕೇಳಿದೆ, 'ಯಾಕಜ್ಜಿ ಒಳಗೆ ಬರಲಿಲ್ಲ?' ಅಂತ. 'ಚಪ್ಪಲಿ ಎಲ್ಲಿ ಬಿಡಬೇಕೋ ಗೊತ್ತಾಗ್ಲಿಲ್ಲ ಕಣವ್ವಾ' ಅಂದರು.

ಮಾರನೇ ದಿನ ಗಾಜಿನ ಬಾಗಿಲು ಬಿಚ್ಚಿಸಿ ಒಳಗಡೆ ಒರಗಿಸಿದೆವು. ದೊಡ್ಡ ನಕ್ಷೆಯನ್ನು ಹೊರಗೆ ತಂದು, ಜಗಲಿಯ ಪಕ್ಕದ ಗೋಡೆಗೆ, ಕೂತವರ ಕಣ್ಣಿನ ಎತ್ತರಕ್ಕೆ ಹಾಕಿದೆವು. ಒಂದು ಬೆಂಚು ಇಟ್ಟೆವು. ಮೊದಲು ಬಂದಿದ್ದೇ ಆ ಅಜ್ಜಿ. ತಮ್ಮ ಜಾಗ ಹುಡುಕಿದರು. ನಾವು ಅಲ್ಲೊಂದು ಪುಟ್ಟ ಹಸಿರು ಚುಕ್ಕೆ ಇಟ್ಟಿದ್ದೆವು. ಅದನ್ನು ಬೆರಳಲ್ಲಿ ಮುಟ್ಟಿ, 'ಇದು ಬೆಳಿಗ್ಗೆದು' ಅಂದರು. ನಮಗೆ ಅರ್ಥ ಆಗಲಿಲ್ಲ. ಬಿಸಿಲು ತಿರುಗಿದ ಮೇಲೆ, ಹನ್ನೆರಡು ಗಂಟೆಗೆ, ಅವರು ಬುಟ್ಟಿ ಎತ್ತಿಕೊಂಡು ರಸ್ತೆಯ ಆ ಕಡೆಗೆ ಹೋಗಿ ಕೂರುತ್ತಾರಂತೆ. ಸಂಜೆ ದೇವಸ್ಥಾನದ ಗೇಟಿನ ಹತ್ತಿರ. ಒಬ್ಬ ಅಜ್ಜಿಗೆ ಮೂರು ಚುಕ್ಕೆ ಬೇಕಿತ್ತು. ಎರಡು ತಿಂಗಳು ಅಳತೆ ಮಾಡಿದ್ದೆವು, ಆ ಬೀದಿಯಲ್ಲಿ ನೆರಳು ನಡೆದಾಡುತ್ತದೆ ಅನ್ನುವುದನ್ನು ನೋಡಿರಲಿಲ್ಲ. ಆಮೇಲೆ ಬೆಂಚಿನ ಪಕ್ಕ ಬಣ್ಣದ ಪೆನ್ಸಿಲ್ ಡಬ್ಬಿ ಇಟ್ಟೆವು. ತಿಂಗಳು ಮುಗಿಯುವಷ್ಟರಲ್ಲಿ ನಕ್ಷೆಯ ತುಂಬಾ ಜನರ ಗುರುತುಗಳು. ನಾನು ಮಾಡಿದ ಕೆಲಸಗಳಲ್ಲಿ ನನಗೆ ತುಂಬಾ ಬೇಕಾದದ್ದು ಅದೇ ನಕ್ಷೆ.

ಹಾಗಾಗಿ ಹಣವನ್ನು ಒಳಗಿನ ಗೋಡೆಗಿಂತ ಮುಂಗಟ್ಟಿಗೆ ಹಾಕಿ. ನಿಮ್ಮ ಅಂಗಡಿಗೆ ಈಗ ಶಟರ್ ಇರಬಹುದು. ಶಟರ್ ಎಳೆದರೆ ಬೀದಿಗೆ ತಗಡು ಬಿಟ್ಟು ಬೇರೇನೂ ಕಾಣುವುದಿಲ್ಲ. ಅದರ ಬದಲು ಒಳಗಡೆಗೆ ಜಾಲಿಯ ಬಾಗಿಲು ಹಾಕಿಸಿ, ಒಂದು ಸಣ್ಣ ಲೈಟು ಬಿಟ್ಟರೆ ರಾತ್ರಿ ಬೀಗ ಹಾಕಿದ ಮೇಲೂ ಪ್ರದರ್ಶನ ಕಾಣುತ್ತಿರುತ್ತದೆ. ನ್ಯೂಯಾರ್ಕಿನ ಫಲಕ ನೋಡಿ ಅದೇ ಥರ ಹೊರಕ್ಕೆ ತಿರುಗುವ ಗೋಡೆ ಬೇಕು ಅನ್ನಿಸೀತು. ಬೇಡ. ಪೇಟೆ ಬೀದಿ ಕಿರಿದು, ಜನರ ಓಡಾಟ ಜಾಸ್ತಿ, ಹೊರಕ್ಕೆ ಚಾಚಿದ್ದೆಲ್ಲ ನಡೆಯುವವರ ಮೊಣಕೈಗೆ ತಾಗುತ್ತದೆ. ಪಾಲಿಕೆಯವರು ಒತ್ತುವರಿ ಅಂತಲೂ ಹೇಳಬಹುದು. ಬೀದಿಯಿಂದ ಜಾಗ ತೆಗೆದುಕೊಳ್ಳಬೇಡಿ, ನಿಮ್ಮ ಅಂಗಡಿಯಿಂದಲೇ ಬೀದಿಗೆ ಕೊಡಿ. ಮುಂದಿನ ನಾಲ್ಕು ಅಡಿಯನ್ನು ಬಾಗಿಲಿನ ಹೊರಗೆ ಬಿಟ್ಟುಬಿಡಿ. 10 ಅಡಿ ಅಗಲ, 4 ಅಡಿ ಆಳದ ಜಗಲಿ. ನೆರಳಿಗೆ ಯಾರಾದರೂ ಬಂದು ಕೂರಲಿ, ಮಳೆಗೆ ನಿಲ್ಲಲಿ. ಅವರೇ ನಿಮ್ಮ ಮೊದಲ ನೋಡುಗರು.

ಏನು ತೋರಿಸುವುದು? ದಾವಣಗೆರೆಯಲ್ಲಿ ಕೂತು ನೀವು ಇದನ್ನು ಕೇಳಬಾರದು! ಮಂಡಕ್ಕಿ ಭಟ್ಟಿಗಳಿಂದ ಶುರು ಮಾಡಿ. ಒಲೆ ಎಲ್ಲಿದೆ, ಹೊಗೆ ಎಲ್ಲಿಂದ ಹೋಗುತ್ತದೆ, ಮರಳು ಕಾಯಿಸುವವರು ಎಲ್ಲಿ ನಿಲ್ಲುತ್ತಾರೆ, ಅವರ ಮನೆ ಭಟ್ಟಿಯಿಂದ ಎಷ್ಟು ಹೆಜ್ಜೆ, ಮಕ್ಕಳು ಆಡುವುದು ಎಲ್ಲಿ. ಒಂದೇ ಒಂದು ಭಟ್ಟಿಯನ್ನು ಅಳತೆ ಹಿಡಿದು ಸರಿಯಾಗಿ ಬರೆದರೆ ಅದೇ ಒಂದು ಪ್ರದರ್ಶನ. ಹತ್ತಿ ಗಿರಣಿಗಳ ಊರು ಅಂತ ಹೆಸರಾಗಿತ್ತಲ್ಲ ನಿಮ್ಮದು, ಆ ಗಿರಣಿಗಳ ಜಾಗದಲ್ಲಿ ಈಗ ಏನೇನಿದೆ ಅನ್ನುವುದು ಇನ್ನೊಂದು. ನೂಲಿನ ಅಂಗಡಿಯಲ್ಲಿ ಗಿರಣಿಯ ಕತೆ ಹೇಳುವುದು ಎಷ್ಟು ಸಹಜ ನೋಡಿ. ತಂದೆಯವರ ಲೆಕ್ಕದ ಪುಸ್ತಕ ಉಳಿದಿದ್ದರೆ ಎಸೆಯಬೇಡಿ. ನೂಲು ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಹೋಗುತ್ತಿತ್ತು ಅಂತ ಅದರಲ್ಲೇ ಒಂದು ನಕ್ಷೆ ಅಡಗಿದೆ.

ಕೈ ಜೋಡಿಸಲು ನಿಮ್ಮೂರಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಅಲ್ಲಿನ ಮಕ್ಕಳಿಗೆ ಬರೆಯುವ ಕೈ ಇದೆ, ತೋರಿಸಲು ಗೋಡೆ ಇಲ್ಲ. ನಿಮ್ಮ ಹಳೇ ಶಿಷ್ಯರಲ್ಲಿ ಯಾರಾದರೂ ಸಿವಿಲ್ ಇಂಜಿನಿಯರೋ ಬಡಗಿಯೋ ಆಗಿರಬೇಕಲ್ಲ, ಅವರನ್ನೂ ಕರೆಯಿರಿ. ವರ್ಷಕ್ಕೆ ನಾಲ್ಕು ಪ್ರದರ್ಶನ ಸಾಕು. ಪ್ರತಿ ತಿಂಗಳೂ ಹೊಸದು ಅಂತ ಹೊರಟರೆ ಆರು ತಿಂಗಳಿಗೆ ಸುಸ್ತಾಗುತ್ತದೆ.

ಸ್ಟೋರ್‌ಫ್ರಂಟಿನಿಂದ ಒಂದನ್ನು ಮಾತ್ರ ಹಾಗೇ ತೆಗೆದುಕೊಳ್ಳಿ ಅನ್ನುತ್ತೇನೆ. 2014ರಲ್ಲಿ ಅವರು 'ಮೇಯರ್‌ಗೆ ಪತ್ರ' ಅಂತ ಒಂದು ಯೋಜನೆ ಶುರು ಮಾಡಿದರು. ಬೇರೆ ಬೇರೆ ದೇಶದ ಆರ್ಕಿಟೆಕ್ಟ್‌ಗಳು ತಮ್ಮ ತಮ್ಮ ನಗರದ ಮೇಯರ್‌ಗೆ ಪತ್ರ ಬರೆದರು. ಆ ಪತ್ರಗಳನ್ನೇ ಪ್ರದರ್ಶನಕ್ಕೆ ಇಟ್ಟರು. ಆಮೇಲೆ ಅದು ಎಷ್ಟೋ ಊರುಗಳಿಗೆ ಹೋಯಿತು. ದಾವಣಗೆರೆಗೂ ಮಹಾನಗರ ಪಾಲಿಕೆ ಇದೆ, 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ಊರಿನ ಹೆಸರು ಬಂದಿತ್ತು. ನಿಮ್ಮ ಜಗಲಿಯಲ್ಲಿ ಒಂದು ಮೇಜು, ಕಾಗದ, ಪೆನ್ನು ಇಡಿ. ಆರ್ಕಿಟೆಕ್ಟ್‌ಗಳೇ ಬರೆಯಬೇಕು ಅಂತ ಇಲ್ಲ. ಆಟೋದವರು ಬರೆಯಲಿ, ಶಾಲೆಗೆ ಹೋಗುವ ಹುಡುಗಿ ಬರೆಯಲಿ. ಬರೆಯಲು ಬಾರದವರು ಹೇಳಲಿ, ನೀವು ಬರೆದುಕೊಳ್ಳಿ. ಮೇಷ್ಟ್ರ ಅಕ್ಷರ ಚೆನ್ನಾಗಿರುತ್ತದೆ. ಗೋಡೆಗೆ ಒಂದು ಪ್ರತಿ, ಪಾಲಿಕೆಗೆ ಒಂದು ಪ್ರತಿ.

ಈ ವಾರ ಒಂದು ಕೆಲಸ ಮಾಡುತ್ತೀರಾ? ಅಂಗಡಿಗೆ ಹೋಗಿ, ಶಟರ್ ಎತ್ತಿ, ಹೊಸ್ತಿಲ ಧೂಳು ಗುಡಿಸಿ ನೋಡಿ. ಹಲಗೆ ಜಾರಿಸುವ ಸೀಳು ಇನ್ನೂ ಇದೆಯೇ? ಕೆಲವರು ಶಟರ್ ಹಾಕಿಸುವಾಗ ಅದನ್ನು ಸಿಮೆಂಟ್ ಹಾಕಿ ಮುಚ್ಚಿಬಿಡುತ್ತಾರೆ. ಮುಚ್ಚಿದ್ದರೂ ಗೆರೆ ಕಾಣುತ್ತದೆ. ಅಟ್ಟದ ಮೇಲೆ ಹಳೇ ಹಲಗೆಗಳು ಉಳಿದಿವೆಯೇ ಅಂತಲೂ ನೋಡಿ, ನಂಬರು ಬರೆದವು. ಒಂದು ಫೋಟೋ ತೆಗೆದು, ಹೊಸ್ತಿಲಿನ ಅಳತೆ ಬರೆದು ಕಳಿಸಿ. ಮುಂದಿನದನ್ನು ಅಲ್ಲಿಂದ ಶುರು ಮಾಡೋಣ.